ಅಮೆರಿಕದಲ್ಲಿ ಪೇಪರ್ ಇಲ್ಲದವರಿಗೂ ವಿಚಾರಣೆ ಇದೆ: ಅದನ್ನು ಕೇಳಿ ಪಡೆಯುವುದು ಹೇಗೆ

ಮೊದಲೇ ಹೇಳಿಬಿಡುತ್ತೇನೆ, ನಾನು ಲಾಯರ್ ಅಲ್ಲ. ನ್ಯೂಜೆರ್ಸಿಗೆ ಬಂದು 19 ವರ್ಷ ಆಯಿತು. ಹೊಟ್ಟೆಪಾಡಿಗೆ ಅಕೌಂಟ್ಸ್ ಕೆಲಸ. ಇಮಿಗ್ರೇಷನ್ ಲಾಯರ್‌ಗಳಿಗೆ ಕನ್ನಡ ಬಲ್ಲವರು ಬೇಕಾದಾಗ ನನಗೆ ಫೋನ್ ಮಾಡುತ್ತಾರೆ. ರಜೆ ಹಾಕಿ ಹೋಗುತ್ತೇನೆ. ಅವರ ಆಫೀಸಿನಲ್ಲಿ, ಕೆಲವು ಸಲ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತು ನೋಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಲಾಯರ್‌ಗಳು ಮತ್ತೆ ಮತ್ತೆ ಹೇಳಿ ನನಗೆ ಬಾಯಿಪಾಠ ಆಗಿರುವ ಮಾತುಗಳೂ ಇದರಲ್ಲಿವೆ. ನಿಮ್ಮ ಕೇಸಿಗೆ ಲಾಯರ್ ಬೇಕೇ ಬೇಕು. ಅವರು ಸಿಗುವ ತನಕ ಗೊತ್ತಿಲ್ಲದೆ ಏನೂ ಹಾಳಾಗಬಾರದು. ಅದಕ್ಕೆ ಈ ಬರಹ.

"ನಮ್ಮ ಕನ್ನಡದವರಲ್ಲಿ ಪೇಪರ್ ಇಲ್ಲದವರು, ಅಂದರೆ ಇಲ್ಲಿರಲು ವೀಸಾ ಅಥವಾ ಅನುಮತಿ ಇಲ್ಲದವರು, ಎಲ್ಲಿದ್ದಾರೆ?" ಅಂತ ಕೇಳುವವರಿದ್ದಾರೆ. ಇದ್ದಾರೆ. ಎಚ್-1ಬಿ ಕೆಲಸ ಹೋಗಿ 60 ದಿನದ ಗಡುವು ದಾಟಿದವರು. ಫೀಸ್ ಕಟ್ಟಲಾಗದೆ ಕಾಲೇಜು ಬಿಟ್ಟ ಹುಡುಗರು. ಮಗು ನೋಡಿಕೊಳ್ಳಲು ಬಂದು, ಕರೆಸಿಕೊಂಡ ಮನೆಯವರು ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರಿಂದ ಇಲ್ಲೇ ಉಳಿದ ಹೆಂಗಸರು. ಸಾಲ ಮಾಡಿ ಮೆಕ್ಸಿಕೋ ಗಡಿ ದಾಟಿ ಬಂದವರು. ಇವರು ರಾಜ್ಯೋತ್ಸವಕ್ಕೆ ಬರುವುದಿಲ್ಲ, ಗ್ರೂಪ್ ಫೋಟೋದಲ್ಲಿ ನಿಲ್ಲುವುದಿಲ್ಲ. 2025ರ ಫೆಬ್ರವರಿ 5ರಂದು 104 ಭಾರತೀಯರನ್ನು ಕೈಗೆ ಕಾಲಿಗೆ ಸರಪಳಿ ಹಾಕಿ ಮಿಲಿಟರಿ ವಿಮಾನದಲ್ಲಿ ಅಮೃತಸರಕ್ಕೆ ತಂದು ಇಳಿಸಿದರಲ್ಲ, ಆ ವಾರ ನನಗೆ ಫೋನ್ ಮಾಡಿದವರೆಲ್ಲ ಒಂದೇ ಪ್ರಶ್ನೆ ಕೇಳಿದರು. "ಪೇಪರ್ರೇ ಇಲ್ಲ ಅಂದಮೇಲೆ ನಮಗೆ ಎಂಥ ಹಕ್ಕು?"

ಹಕ್ಕು ಇದೆ. ಕಾನೂನಿನ ಸರಿಯಾದ ಕ್ರಮ ಇಲ್ಲದೆ ಯಾವ ವ್ಯಕ್ತಿಯ ಜೀವ, ಸ್ವಾತಂತ್ರ್ಯ, ಆಸ್ತಿಯನ್ನೂ ಕಿತ್ತುಕೊಳ್ಳುವಂತಿಲ್ಲ ಅಂತ ಅಮೆರಿಕದ ಸಂವಿಧಾನದ ಐದನೇ ತಿದ್ದುಪಡಿ ಹೇಳುತ್ತದೆ. ಅಲ್ಲಿರುವ ಪದ ಪರ್ಸನ್. ಸಿಟಿಜನ್ ಅಂತ ಬರೆದಿಲ್ಲ. 14ನೇ ತಿದ್ದುಪಡಿಯಲ್ಲೂ ಇದೇ ಪದ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬಟ್ಟೆ ಒಗೆಯುವ ಅಂಗಡಿ ಇಟ್ಟಿದ್ದ ಒಬ್ಬ ಚೀನೀಯರ ಕೇಸಿನಲ್ಲಿ, 1886ರಲ್ಲೇ, ಸುಪ್ರೀಂ ಕೋರ್ಟ್ ಈ ಪದಕ್ಕೆ ಅರ್ಥ ಕೊಟ್ಟಿತು: ಈ ನೆಲದ ಮೇಲಿರುವ ಯಾರಾದರೂ ಸರಿ, ಯಾವ ದೇಶದವರಾದರೂ ಸರಿ. ಡ್ಯೂ ಪ್ರೋಸೆಸ್ ಅಂತ ಟಿವಿಯಲ್ಲಿ ಹೇಳುತ್ತಾರಲ್ಲ, ಅದರ ತಿರುಳು ಇಷ್ಟೇ. ನಿಮ್ಮ ಮೇಲೆ ಏನು ಆರೋಪ ಅಂತ ತಿಳಿಸಬೇಕು. ನಿಮ್ಮ ಮಾತು ಕೇಳಬೇಕು. ಆಮೇಲೆ ತೀರ್ಮಾನ.

ಇನ್ನೊಂದು ಕೇಸನ್ನು ನಾನು ಯಾರಿಗೆ ಸಿಕ್ಕಿದರೂ ಹೇಳುತ್ತೇನೆ. 1901ರಲ್ಲಿ ಕಾವೊರು ಯಮಟಾಯಾ ಅನ್ನುವ ಜಪಾನಿ ಹುಡುಗಿ ಸಿಯಾಟಲ್‌ನಲ್ಲಿ ಇಳಿದಳು. ಕೆಲವೇ ದಿನಗಳಲ್ಲಿ ಅಧಿಕಾರಿಗಳು ವಿಚಾರಣೆ ಅಂತ ಮಾಡಿ ವಾಪಸ್ ಕಳಿಸುವ ಆದೇಶ ಹೊರಡಿಸಿದರು. "ನನಗೆ ಇಂಗ್ಲಿಷ್ ಬರುವುದಿಲ್ಲ, ಅದು ನನ್ನನ್ನು ಕಳಿಸುವ ವಿಚಾರಣೆ ಅಂತಲೇ ಗೊತ್ತಾಗಲಿಲ್ಲ" ಅನ್ನುವುದು ಅವಳ ದೂರು. 1903ರಲ್ಲಿ ಸುಪ್ರೀಂ ಕೋರ್ಟ್ ಎರಡು ಮಾತು ಹೇಳಿತು. ದೇಶದೊಳಗೆ ಬಂದವರನ್ನು, ಅವರ ಮಾತು ಕೇಳದೆ ಹೊರಗೆ ಹಾಕುವಂತಿಲ್ಲ. ಇದು ಒಂದು. ಭಾಷೆ ಬಾರದೆ ತೊಂದರೆ ಆಗಿದ್ದರೆ ಅದು ಅವಳ ದುರದೃಷ್ಟ. ಇದು ಎರಡನೆಯದು. ಅವಳು ಕೇಸ್ ಸೋತಳು. ಅವಳ ಹೆಸರಿನ ಕೇಸಿನಿಂದ ಬಂದ ಹಕ್ಕು ಮಾತ್ರ ಇವತ್ತಿಗೂ ಎಲ್ಲರಿಗೂ ಇದೆ. ಭಾಷೆಯ ವಿಷಯ ಈಗ ಬದಲಾಗಿದೆ. ಆದರೆ ನೀವು ಬಾಯಿ ಬಿಟ್ಟು ಕೇಳಿದರೆ ಮಾತ್ರ. ಅದಕ್ಕೆ ಮುಂದೆ ಬರುತ್ತೇನೆ.

ಬಾಗಿಲು ಬಡಿದಾಗ

ಬಾಗಿಲು ತೆಗೆಯುವ ಮುಂಚೆ ಯಾರು ಅಂತ ಕೇಳಿ. ಐಸ್ (ವಲಸೆ ಕಾನೂನು ಜಾರಿ ಮಾಡುವ ಇಲಾಖೆ) ಅಧಿಕಾರಿಗಳು ಅಂದರೆ ವಾರಂಟನ್ನು ಬಾಗಿಲ ಸಂದಿಯಿಂದ ಒಳಗೆ ತಳ್ಳಲು ಅಥವಾ ಕಿಟಕಿಯ ಗಾಜಿಗೆ ಹಿಡಿಯಲು ಹೇಳಿ. ವಾರಂಟ್‌ನಲ್ಲಿ ಎರಡು ತರ ಇದೆ. ಮೇಲೆ ಕೋರ್ಟಿನ ಹೆಸರು, ಕೆಳಗೆ ಜಡ್ಜ್ ಸಹಿ, ನಿಮ್ಮ ಮನೆಯ ವಿಳಾಸ ಸರಿಯಾಗಿ ಇದ್ದರೆ ಅದು ಕೋರ್ಟ್ ವಾರಂಟ್. ಅದಿದ್ದರೆ ಅವರು ಒಳಗೆ ಬರಬಹುದು. ಮೇಲೆ ಹೋಮ್‌ಲ್ಯಾಂಡ್ ಸೆಕ್ಯುರಿಟಿ ಅಂತ ಇದ್ದು, ಐ-200 ಅಥವಾ ಐ-205 ಅನ್ನುವ ಫಾರ್ಮ್ ನಂಬರ್ ಇದ್ದರೆ ಅದಕ್ಕೆ ಇಲಾಖೆಯ ಅಧಿಕಾರಿಯೇ ಸಹಿ ಹಾಕಿರುತ್ತಾರೆ. ಜಡ್ಜ್ ನೋಡಿರುವುದಿಲ್ಲ. ನಾಲ್ಕನೇ ತಿದ್ದುಪಡಿಯ ಪ್ರಕಾರ ಮನೆಗೆ ನುಗ್ಗಲು ಜಡ್ಜ್ ಸಹಿಯ ವಾರಂಟ್ ಬೇಕು ಅನ್ನುವುದೇ ಲಾಯರ್‌ಗಳ ನಿಲುವು. ಹಾಗಾಗಿ ಬಾಗಿಲು ತೆಗೆಯದೆ ಹೇಳಿ: "ಐ ಡು ನಾಟ್ ಕನ್ಸೆಂಟ್ ಟು ಯುವರ್ ಎಂಟ್ರಿ." ನೀವು ಒಳಗೆ ಬರಲು ನನ್ನ ಒಪ್ಪಿಗೆ ಇಲ್ಲ ಅಂತ ಅರ್ಥ. ಅವರು ಹಾಗೂ ಒಳಗೆ ಬಂದರೆ ತಳ್ಳಬೇಡಿ, ಓಡಬೇಡಿ, ಅಡ್ಡ ನಿಲ್ಲಬೇಡಿ. ಅದೇ ಮಾತನ್ನು ಇನ್ನೊಮ್ಮೆ ಹೇಳಿ, ನಡೆದದ್ದನ್ನು ನೆನಪಿಟ್ಟುಕೊಳ್ಳಿ. ಅದು ತಪ್ಪಾ ಸರಿಯಾ ಅಂತ ಆಮೇಲೆ ಕೋರ್ಟಿನಲ್ಲಿ ಕೇಳಬಹುದು.

ಎಲ್ಲಿ ಹುಟ್ಟಿದ್ದು, ಹೇಗೆ ಬಂದಿದ್ದು, ವೀಸಾ ಏನಾಯಿತು, ಇದಕ್ಕೆಲ್ಲ ಉತ್ತರ ಕೊಡಬೇಕಾಗಿಲ್ಲ. "ಐ ವಾಂಟ್ ಟು ರಿಮೇನ್ ಸೈಲೆಂಟ್. ಐ ವಾಂಟ್ ಟು ಸ್ಪೀಕ್ ಟು ಎ ಲಾಯರ್." ಇಷ್ಟು ಹೇಳಿ ಸುಮ್ಮನಿರಿ. ನಮಗೆ ಇದು ಕಷ್ಟ, ಅಲ್ವಾ? ದೊಡ್ಡ ಆಫೀಸರ್ ಕೇಳಿದಾಗ ಉತ್ತರ ಕೊಡದಿದ್ದರೆ ಮರ್ಯಾದೆ ಇಲ್ಲ ಅಂತ ಅನಿಸುತ್ತದೆ. ಆದರೆ ಬಂಧನವೇ ತಪ್ಪಾಗಿ ನಡೆದಿದ್ದರೂ, ಆ ಹೊತ್ತಿನಲ್ಲಿ ನೀವು ಆಡಿದ ಮಾತನ್ನು ಗಡೀಪಾರು ಕೇಸಿನಲ್ಲಿ ಸಾಮಾನ್ಯವಾಗಿ ಬಳಸಬಹುದು ಅಂತ 1984ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಗಾಬರಿಯಲ್ಲಿ ಆಡಿದ ಒಂದು ಮಾತು ವರ್ಷಗಟ್ಟಲೆ ಹಿಂದೆ ಬರುತ್ತದೆ.

ಸುಳ್ಳು ಮಾತ್ರ ಬೇಡ. ನಕಲಿ ಕಾರ್ಡ್ ತೋರಿಸಬೇಡಿ. "ನಾನು ಅಮೆರಿಕನ್ ಸಿಟಿಜನ್" ಅಂತ ಅಪ್ಪಿ ತಪ್ಪಿಯೂ ಹೇಳಬೇಡಿ. ಆ ಒಂದು ಸುಳ್ಳಿನಿಂದ ಮುಂದೆ ಗ್ರೀನ್ ಕಾರ್ಡಿನ ದಾರಿಯೇ ಮುಚ್ಚಿಹೋಗಬಹುದು.

ನೋಟಿಸ್ ಕೈಗೆ ಬಂದಾಗ

ನೋಟಿಸ್ ಟು ಅಪಿಯರ್ ಅನ್ನುವ ಕಾಗದ ಬರುತ್ತದೆ. ಫಾರ್ಮ್ ನಂಬರ್ ಐ-862. ಕೇಸ್ ಶುರುವಾಗುವುದೇ ಇದರಿಂದ. ಮೇಲೆ ಎ ಅಕ್ಷರದ ಜೊತೆ 8 ಅಥವಾ 9 ಅಂಕೆ ಇರುತ್ತವೆ. ಅದು ಎ-ನಂಬರ್. ಅದನ್ನು ಬಾಯಿಪಾಠ ಮಾಡಿ. ಮನೆಯವರಿಗೆ, ಊರಿನ ಒಬ್ಬರಿಗೆ ಬರೆದು ಕೊಡಿ. ಫೋನಿನಲ್ಲಿ ಮಾತ್ರ ಇದ್ದರೆ ಸಾಲದು. ಹಿಡಿದ ಕೂಡಲೇ ಫೋನ್ ತೆಗೆದುಕೊಳ್ಳುತ್ತಾರೆ.

1-800-898-7180 ಇಮಿಗ್ರೇಷನ್ ಕೋರ್ಟಿನ ಮಾಹಿತಿ ನಂಬರ್. ಎ-ನಂಬರ್ ಒತ್ತಿದರೆ ಮುಂದಿನ ದಿನಾಂಕ ಹೇಳುತ್ತದೆ. ವಾರಕ್ಕೊಮ್ಮೆ ಫೋನ್ ಮಾಡಿ, ಯಾಕೆಂದರೆ ದಿನಾಂಕ ಬದಲಾಗುತ್ತಲೇ ಇರುತ್ತದೆ. ಪತ್ರ ನಿಮ್ಮ ಹಳೆ ವಿಳಾಸಕ್ಕೆ ಹೋಗಿರಬಹುದು. ಮನೆ ಬದಲಾಯಿಸಿದರೆ 5 ದಿನದೊಳಗೆ ಇಒಐಆರ್-33 ಫಾರ್ಮ್ ತುಂಬಿ ಕೋರ್ಟಿಗೆ ತಿಳಿಸಿ. ಬೇಸ್‌ಮೆಂಟ್‌ನಲ್ಲಿ ಬಾಡಿಗೆಗೆ ಇರುವವರು ಇದನ್ನು ಬಿಟ್ಟುಬಿಡುತ್ತಾರೆ. ಮನೆ ಓನರ್ ಪತ್ರ ಎತ್ತಿ ಮೂಲೆಗೆ ಹಾಕಿರುತ್ತಾರೆ. ಕೋರ್ಟಿನಲ್ಲಿ ಹೆಸರು ಕೂಗಿದಾಗ ನೀವಿಲ್ಲದಿದ್ದರೆ ನೀವಿಲ್ಲದೆಯೇ ಗಡೀಪಾರು ಆದೇಶ ಆಗುತ್ತದೆ. ನಾನು ನೋಡಿದ ಕೇಸುಗಳಲ್ಲಿ ಜಾಸ್ತಿ ಹಾಳಾಗಿದ್ದು ಇದೊಂದರಿಂದಲೇ. ನೋಟಿಸ್ ಕೈಗೆ ಸೇರಿಯೇ ಇಲ್ಲ ಅಂತ ತೋರಿಸಿದರೆ ಕೇಸ್ ಮತ್ತೆ ತೆರೆಸಬಹುದು. ಆಸ್ಪತ್ರೆಯಂಥ ದೊಡ್ಡ ಕಾರಣ ಇದ್ದರೆ 180 ದಿನದೊಳಗೆ ಅರ್ಜಿ ಹಾಕಬಹುದು. ಆ ಸ್ಥಿತಿಗೆ ಹೋಗದಿರುವುದು ಒಳ್ಳೆಯದು.

ಕೋರ್ಟಿಗೆ ಹೋದರೆ ಅಲ್ಲೇ ಹಿಡಿಯುತ್ತಾರಂತೆ ಅನ್ನುವ ಭಯ ಸುಳ್ಳಲ್ಲ. 2025ರ ಮೇ ತಿಂಗಳಿಂದ ಹಲವು ಊರುಗಳ ಕೋರ್ಟ್ ಕಾರಿಡಾರಿನಲ್ಲೇ ಬಂಧನಗಳಾಗಿವೆ. ಒಳಗೆ ಸರ್ಕಾರಿ ವಕೀಲರು "ಕೇಸ್ ಡಿಸ್ಮಿಸ್ ಮಾಡಿ" ಅನ್ನುತ್ತಾರೆ. ನಮ್ಮವರು ಗೆದ್ದೆವು ಅಂತ ಖುಷಿಯಾಗಿ ಹೊರಗೆ ಬರುತ್ತಾರೆ. ಹೊರಗೆ ಹಿಡಿದು, ಜಡ್ಜ್ ಇಲ್ಲದ ತ್ವರಿತ ಗಡೀಪಾರಿಗೆ ಹಾಕುತ್ತಾರೆ. ಆದ್ದರಿಂದ ಡಿಸ್ಮಿಸ್ ಅನ್ನುವ ಪದ ಕಿವಿಗೆ ಬಿದ್ದರೆ ಹೇಳಿ: "ಐ ಆಬ್ಜೆಕ್ಟ್. ಐ ನೀಡ್ ಟೈಮ್ ಟು ರೆಸ್ಪಾಂಡ್." ನನ್ನ ಆಕ್ಷೇಪ ಇದೆ, ಉತ್ತರ ಕೊಡಲು ಸಮಯ ಬೇಕು ಅಂತ ಅರ್ಥ. ಸಾಧ್ಯವಾದರೆ ಮುಂಚೆಯೇ ಲಾಯರ್ ಮೂಲಕ ವಿಡಿಯೋ ವಿಚಾರಣೆಗೆ ಅರ್ಜಿ ಹಾಕಿ. ಹೋಗದೆ ಇರುವುದು ಮಾತ್ರ ದಾರಿ ಅಲ್ಲ.

ಈ ತ್ವರಿತ ಗಡೀಪಾರು 1996ರ ಕಾನೂನು. ಮೊದಲು ಹೆಚ್ಚಾಗಿ ಗಡಿಯ ಹತ್ತಿರ ಮಾತ್ರ ಬಳಸುತ್ತಿದ್ದರು. 2025ರ ಜನವರಿಯಲ್ಲಿ ಇಡೀ ದೇಶಕ್ಕೆ ಹರಡಿದರು. ಅದರ ಮೇಲೆ ಕೋರ್ಟುಗಳಲ್ಲಿ ಜಗಳ ನಡೆದಿದೆ. ಇದು ಮುಖ್ಯವಾಗಿ ಗಡಿಯಲ್ಲಿ ತಪಾಸಣೆ ಇಲ್ಲದೆ ಬಂದು 2 ವರ್ಷ ಆಗದವರಿಗೆ. ವೀಸಾ ಮೇಲೆ ಬಂದವರ ಹತ್ತಿರ ಐ-94 (ದೇಶದೊಳಗೆ ಬಂದದ್ದರ ದಾಖಲೆ) ಪ್ರಿಂಟ್ ಇರಲಿ. ಹಾಗಲ್ಲದೆ ಬಂದವರ ಹತ್ತಿರ 2 ವರ್ಷ ದಾಟಿದ್ದಕ್ಕೆ ಪುರಾವೆ ಇರಲಿ: ಬಾಡಿಗೆ ರಸೀತಿ, ಕರೆಂಟ್ ಬಿಲ್, ಆಸ್ಪತ್ರೆ ಚೀಟಿ, ಮಗುವಿನ ಶಾಲೆಯ ಪತ್ರ. ಯಾವುದನ್ನು ಜೊತೆಗೆ ಇಟ್ಟುಕೊಳ್ಳಬೇಕು, ಯಾವುದು ಮನೆಯಲ್ಲಿರಬೇಕು ಅಂತ ಲಾಯರ್ ಹೇಳಲಿ. ಮಕ್ಕಳನ್ನು ಶಾಲೆಯಿಂದ ಬಿಡಿಸಬೇಡಿ. ಪೇಪರ್ ಇಲ್ಲ ಅಂತ ಸರ್ಕಾರಿ ಶಾಲೆ ಮಗುವನ್ನು ವಾಪಸ್ ಕಳಿಸುವಂತಿಲ್ಲ, 1982ರಲ್ಲೇ ಟೆಕ್ಸಸ್‌ನ ಕೇಸಿನಲ್ಲಿ ತೀರ್ಮಾನ ಆಗಿದೆ.

ಕನ್ನಡ ಅಂತ ಹೇಳಿ

ಹಾಸನದ ಕಡೆಯ ಒಬ್ಬ ಅಮ್ಮ. ಐವತ್ತು ದಾಟಿದ ವಯಸ್ಸು. ಮಗು ನೋಡಿಕೊಳ್ಳಲು ಬಂದವರು. ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಕಾಗದಗಳನ್ನೆಲ್ಲ ಮಡಚಿ ಇಟ್ಟುಕೊಂಡಿದ್ದರು. ಮೊದಲ ವಿಚಾರಣೆಗೆ ಅವರು ಒಬ್ಬರೇ ಹೋಗಿದ್ದರು. ಯಾವ ಭಾಷೆ ಅಂತ ಜಡ್ಜ್ ಕೇಳಿದಾಗ "ಹಿಂದಿ" ಅಂದರಂತೆ. ಕನ್ನಡ ಅಂದರೆ ತಡ ಆಗುತ್ತದೆ, ಸಾಹೇಬರಿಗೆ ಕೋಪ ಬರುತ್ತದೆ ಅಂತ ಯಾರೋ ಹೇಳಿ ಕಳಿಸಿದ್ದರು. ಅವರ ಹಿಂದಿ ಎಷ್ಟು ಅಂದರೆ ತರಕಾರಿ ಕೊಳ್ಳುವಷ್ಟು.

ಆ ದಿನದ ರೆಕಾರ್ಡಿಂಗನ್ನು ಆಮೇಲೆ ಲಾಯರ್ ತರಿಸಿದರು. ಇಮಿಗ್ರೇಷನ್ ಕೋರ್ಟಿನ ವಿಚಾರಣೆಯ ಧ್ವನಿ ಮುದ್ರಣ ಆಗಿರುತ್ತದೆ, ಕೇಳಿದರೆ ಕೊಡುತ್ತಾರೆ. ಲಾಯರ್ ಆಫೀಸಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ನಾನು ಕೇಳಿದೆ. ವಾಪಸ್ ಹೋದರೆ ನಿಮಗೆ ಏನಾದರೂ ಖತರಾ (ಅಪಾಯ) ಇದೆಯಾ ಅಂತ ಇಂಟರ್ಪ್ರಿಟರ್ ಹಿಂದಿಯಲ್ಲಿ ಕೇಳುತ್ತಾರೆ. ಸ್ವಲ್ಪ ಹೊತ್ತು ಏನೂ ಸದ್ದಿಲ್ಲ. ಅಮ್ಮ ತಲೆ ಆಡಿಸಿದ್ದಾರೆ. ನಾವು ಆಡಿಸುತ್ತೇವಲ್ಲ, "ಹೂಂ, ಕೇಳಿಸಿಕೊಳ್ಳುತ್ತಿದ್ದೇನೆ ಹೇಳಿ" ಅನ್ನುವ ಹಾಗೆ, ಎಡಕ್ಕೂ ಬಲಕ್ಕೂ. ಜಡ್ಜ್ ಅದನ್ನು ಇಲ್ಲ ಅಂತ ತಿಳಿದು, "ಅವರ ಉತ್ತರ 'ಇಲ್ಲ' ಅಂತ ದಾಖಲಾಗಲಿ" ಅನ್ನುತ್ತಾರೆ. ನಾನು ಹೆಡ್‌ಫೋನ್ ತೆಗೆದು ಅಮ್ಮನನ್ನು ಕೇಳಿದೆ, "ಖತರಾ ಅಂದರೆ ಏನು ಅಂದುಕೊಂಡ್ರಿ?" "ಗೊತ್ತಾಗ್ಲಿಲ್ಲ ಕಣಮ್ಮ, ಕೇಳಕ್ಕೆ ಭಯ ಆಯ್ತು" ಅಂದರು. ಊರಿನಲ್ಲಿ ಅವರ ಜೀವಕ್ಕೆ ಇದ್ದ ಭಯವೇ ಅವರ ಇಡೀ ಕೇಸ್. ದಾಖಲೆಯಲ್ಲಿ ಅದಕ್ಕೆ ಇಲ್ಲ ಅಂತ ಆಗಿತ್ತು.

ಮುಂದಿನ ವಿಚಾರಣೆಯಲ್ಲಿ ಲಾಯರ್ ಇದ್ದರು. ಅಮ್ಮ ಎದ್ದು ನಿಂತು ತಾವೇ ಹೇಳಿದರು: "ಮೈ ಬೆಸ್ಟ್ ಲ್ಯಾಂಗ್ವೇಜ್ ಈಸ್ ಕನ್ನಡ." ಎರಡು ವಾರ ಇದೊಂದು ವಾಕ್ಯ ಅಭ್ಯಾಸ ಮಾಡಿದ್ದರು. ಜಡ್ಜ್ ಇನ್ನೊಂದು ದಿನ ಕೊಟ್ಟರು. ಆ ದಿನ ಮೇಜಿನ ಮೇಲಿನ ಸ್ಪೀಕರ್ ಫೋನಿನಿಂದ ಯಾರದೋ ಧ್ವನಿ ಬಂತು. "ನಮಸ್ಕಾರ ಅಮ್ಮಾ, ನನ್ನ ಮಾತು ಸರಿಯಾಗಿ ಕೇಳಿಸ್ತಾ ಇದೆಯಾ?" ಹಿಂದಿನ ಬೆಂಚಿನಲ್ಲಿದ್ದ ನನಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಅಷ್ಟು ಹೊತ್ತು ಕುಗ್ಗಿ ಕೂತಿದ್ದವರು ನೆಟ್ಟಗಾದರು. ಹಿಂದಿನ ಸಲದ ತಪ್ಪನ್ನು ಲಾಯರ್ ಎತ್ತಿ ಹೇಳಿದರು, ದಾಖಲೆಗೆ ಸೇರಿತು.

ಹಾಗಾಗಿ ಕೇಳಿ. ಇಮಿಗ್ರೇಷನ್ ಕೋರ್ಟಿನಲ್ಲಿ ಇಂಟರ್ಪ್ರಿಟರ್ ಖರ್ಚು ಕೋರ್ಟಿನದೇ. ಇಂಗ್ಲಿಷ್ ಸ್ವಲ್ಪ ಬರುತ್ತದೆ ಅಂತ ಇಂಗ್ಲಿಷ್‌ನಲ್ಲೇ ನಡೆಸಿಬಿಡಬೇಡಿ. ಆಫೀಸಿನ ಇಂಗ್ಲಿಷ್ ಬೇರೆ, ನಿಮ್ಮ ಮೇಲೆ ಆದ ಹಲ್ಲೆಯನ್ನು ತಾರೀಖಿನ ಸಮೇತ ಹೇಳುವ ಇಂಗ್ಲಿಷ್ ಬೇರೆ. ಕಲಬುರಗಿಯವರಿಗೆ ಮಂಗಳೂರಿನ ಕನ್ನಡ ತೊಡಕಾದರೆ ಅದನ್ನೂ ಹೇಳಿ. ಅನುವಾದ ತಪ್ಪಾಯಿತು ಅನಿಸಿದ ಕ್ಷಣವೇ ಕೈ ಎತ್ತಿ. ಅಪೀಲಿನಲ್ಲಿ ನೋಡುವುದು ದಾಖಲೆಯಲ್ಲಿ ಇದ್ದದ್ದನ್ನು ಮಾತ್ರ. ತಲೆ ಆಡಿಸಬೇಡಿ, ಬಾಯಿಂದ ಹೌದು ಅಥವಾ ಇಲ್ಲ ಅನ್ನಿ. ಒಂದು ಎಚ್ಚರಿಕೆ: ಕೋರ್ಟಿಗೆ ಹೋಗದೆ ನೀವೇ ಯುಎಸ್‌ಸಿಐಎಸ್ (ವಲಸೆ ಅರ್ಜಿಗಳನ್ನು ನೋಡುವ ಇಲಾಖೆ) ಆಫೀಸಿನಲ್ಲಿ ಅಸೈಲಮ್, ಅಂದರೆ ಆಶ್ರಯ ಕೇಳುವ ಅರ್ಜಿ ಹಾಕಿದ್ದರೆ ಅಲ್ಲಿಯ ಸಂದರ್ಶನಕ್ಕೆ ಇಂಟರ್ಪ್ರಿಟರನ್ನು ನೀವೇ ಕರೆದುಕೊಂಡು ಹೋಗಬೇಕು. ಅಸೈಲಮ್‌ಗೆ ಬಂದ ದಿನದಿಂದ 1 ವರ್ಷದ ಗಡುವು ಇದೆ, ಅದಕ್ಕೆ ಇರುವ ವಿನಾಯಿತಿಗಳು ಕಡಿಮೆ.

ಲಾಯರ್ ಇಲ್ಲದೆ ಮೊದಲ ವಿಚಾರಣೆಗೆ ಹೋಗಬೇಕಾಗಿ ಬಂದರೆ ಆರೋಪಗಳನ್ನು ಒಪ್ಪಿಕೊಳ್ಳಬೇಡಿ. "ಐ ನೀಡ್ ಟೈಮ್ ಟು ಫೈಂಡ್ ಎ ಲಾಯರ್" ಅನ್ನಿ. ಲಾಯರ್ ಇಟ್ಟುಕೊಳ್ಳುವ ಹಕ್ಕು ನಿಮಗಿದೆ. ಆದರೆ ಸರ್ಕಾರ ದುಡ್ಡು ಕೊಡುವುದಿಲ್ಲ. ಕ್ರಿಮಿನಲ್ ಕೇಸಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು. ಉಚಿತ ಲಾಯರ್‌ಗಳ ಪಟ್ಟಿ ಕೋರ್ಟೇ ಕೊಡುತ್ತದೆ. "ನಾನು ಎಲ್ಲ ಮಾಡಿಕೊಡ್ತೀನಿ" ಅನ್ನುವ ಟ್ರಾವೆಲ್ ಏಜೆಂಟ್, ಟ್ಯಾಕ್ಸ್ ಆಫೀಸಿನವರ ಹತ್ತಿರ ಹೋಗಬೇಡಿ. ಲಾಯರ್ ಆಗಿದ್ದರೆ ಆ ರಾಜ್ಯದ ಬಾರ್ (ವಕೀಲರ ಸಂಘ) ವೆಬ್‌ಸೈಟಿನಲ್ಲಿ ಹೆಸರು ಇರುತ್ತದೆ. ನೋಡಿ, ಆಮೇಲೆ ದುಡ್ಡು ಕೊಡಿ.

ಹಿಡಿದುಕೊಂಡು ಹೋದಾಗ, ಹೆಸರಿನ ತೊಡಕು

ಇದು ಮನೆಯವರಿಗೆ. ಒಂದು ರಾತ್ರಿ ದಾವಣಗೆರೆಯಿಂದ ಫೋನ್. ತಮ್ಮನನ್ನು ಎರಡು ದಿನದ ಹಿಂದೆ ಹಿಡಿದಿದ್ದಾರೆ, ಎಲ್ಲಿದ್ದಾನೆ ಅಂತ ಗೊತ್ತಿಲ್ಲ. ಐಸ್‌ನ ಡಿಟೈನೀ ಲೊಕೇಟರ್ ಅನ್ನುವ ವೆಬ್‌ಸೈಟ್ ಇದೆ. ಎ-ನಂಬರ್ ಮತ್ತು ಹುಟ್ಟಿದ ದೇಶ ಹಾಕಿದರೆ ಸಾಕು. ಎ-ನಂಬರ್ ಅವರಿಗೆ ಗೊತ್ತಿರಲಿಲ್ಲ. ಆಗ ಹೆಸರು ಹಾಕಬೇಕು, ಐಸ್‌ನ ದಾಖಲೆಯಲ್ಲಿ ಇರುವ ಹಾಗೇ. ಹುಡುಗನ ಹೆಸರು, ಅಪ್ಪನ ಹೆಸರು, ಊರಿನ ಹೆಸರು, ಇನಿಶಿಯಲ್, ಕೊನೆಯ ಅಕ್ಷರ ಬಿಟ್ಟು, ಸೇರಿಸಿ, ಎಲ್ಲ ನೋಡಿದೆವು. ಇಲ್ಲ.

ಆಮೇಲೆ ಪಾಸ್‌ಪೋರ್ಟಿನ ಫೋಟೋ ಕಳಿಸಲು ಹೇಳಿದೆ. ಸರ್‌ನೇಮ್ ಜಾಗ ಖಾಲಿ. ನಮ್ಮಲ್ಲಿ ಎಷ್ಟೋ ಜನರದ್ದು ಹೀಗೇ ಇರುತ್ತದೆ. ಅಂಥವರಿಗೆ ಅಮೆರಿಕದ ವೀಸಾದಲ್ಲಿ ಇದ್ದ ಒಂದೇ ಹೆಸರನ್ನು ಸರ್‌ನೇಮ್ ಮಾಡಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಹಾಕುತ್ತಾರೆ. ಫಸ್ಟ್ ನೇಮ್ ಅನ್‌ನೋನ್ ಅಂತ ಅರ್ಥ. ಮೊದಲ ಹೆಸರು ಎಫ್‌ಎನ್‌ಯು, ಕೊನೆಯ ಹೆಸರು ಹುಡುಗನದು, ದೇಶ ಇಂಡಿಯಾ ಅಂತ ಒತ್ತಿದೆ. ಬಂದ. ಅಷ್ಟರಲ್ಲಿ ಬೇರೆ ರಾಜ್ಯಕ್ಕೆ ಸಾಗಿಸಿಬಿಟ್ಟಿದ್ದರು.

ಎಲ್ಲಿದ್ದಾರೆ ಅನ್ನುವುದು ಯಾಕೆ ಇಷ್ಟು ಮುಖ್ಯ? ಹೇಬಿಯಸ್ ಕಾರ್ಪಸ್, ಅಂದರೆ ಈ ಬಂಧನ ಸರಿಯಾ ಅಂತ ಪ್ರಶ್ನಿಸುವ ಅರ್ಜಿಯನ್ನು ಸಾಮಾನ್ಯವಾಗಿ ಆ ವ್ಯಕ್ತಿಯನ್ನು ಇಟ್ಟಿರುವ ಜಾಗದ ಫೆಡರಲ್ ಕೋರ್ಟಿನಲ್ಲೇ ಹಾಕಬೇಕು. ನಮ್ಮ ಊರಿನ ಜೈಲಿನಲ್ಲಿ ಇರುವಾಗಲೇ ಅರ್ಜಿ ಬಿದ್ದರೆ ಕೇಸ್ ಇಲ್ಲಿ. ಸಾಗಿಸಿದ ಮೇಲೆ ಅಲ್ಲಿಯ ಲಾಯರ್ ಹುಡುಕಬೇಕು. ಮೊದಲ ಕೆಲವು ಗಂಟೆಗಳೇ ಲೆಕ್ಕ. ಆದ್ದರಿಂದ ಇವತ್ತೇ ವೀಸಾದಲ್ಲಿರುವ ಹೆಸರಿನ ಕಾಗುಣಿತ, ಹುಟ್ಟಿದ ದಿನ, ಎ-ನಂಬರ್, ಲಾಯರ್ ಫೋನ್ ಒಂದು ಹಾಳೆಯಲ್ಲಿ ಬರೆದು ನಂಬಿಕೆಯ ಒಬ್ಬರಿಗೆ ಕೊಟ್ಟಿಡಿ.

ಒಳಗೆ ಇರುವವರು ಅರ್ಥವಾಗದ ಯಾವ ಕಾಗದಕ್ಕೂ ಸಹಿ ಹಾಕಬಾರದು. "ಸಹಿ ಹಾಕಿದರೆ ಬೇಗ ಮನೆಗೆ ಹೋಗ್ತೀರಿ" ಅಂದರೆ ಆ ಮನೆ ಇಂಡಿಯಾದ ಮನೆ. ವಿಚಾರಣೆಯ ಹಕ್ಕು ಬಿಟ್ಟುಕೊಡುವ ಕಾಗದ ಅದಾಗಿರಬಹುದು. ವಾಲಂಟರಿ ಡಿಪಾರ್ಚರ್, ಅಂದರೆ ತಾವಾಗಿ ದೇಶ ಬಿಟ್ಟು ಹೋಗುವುದು, ಕೆಲವರಿಗೆ ಒಳ್ಳೆಯದೂ ಹೌದು, ಆದರೆ ಲಾಯರ್ ಹತ್ತಿರ ಮಾತಾಡಿದ ಮೇಲೆ. ವಾಪಸ್ ಹೋಗಲು ಭಯ ಇದ್ದರೆ "ಐ ಆಮ್ ಅಫ್ರೇಡ್ ಟು ಗೋ ಬ್ಯಾಕ್" ಅಂತ ಸಿಕ್ಕಿದ ಪ್ರತಿ ಅಧಿಕಾರಿಗೂ ಹೇಳಬೇಕು. ಭಾರತದ ಕಾನ್ಸುಲೇಟಿಗೆ ತಿಳಿಸಿ ಅಂತ ಕೇಳುವ ಹಕ್ಕೂ ಇದೆ, ವಿಯೆನ್ನಾ ಒಪ್ಪಂದದ 36ನೇ ವಿಧಿಯ ಪ್ರಕಾರ. ನೀವು ಕೇಳದಿದ್ದರೆ ತಾವಾಗಿ ತಿಳಿಸುವುದಿಲ್ಲ. ಅಸೈಲಮ್ ಕೇಳುವವರು ಮಾತ್ರ ಮೊದಲು ಲಾಯರ್‌ಗೆ ಕೇಳಿ.

ಬಾಂಡ್, ಅಂದರೆ ದುಡ್ಡು ಕಟ್ಟಿ ಹೊರಗೆ ಬರುವ ವಿಷಯ ಈಗ ಬಿಗಿಯಾಗಿದೆ. ವೀಸಾ ಮೇಲೆ ಬಂದು ಅವಧಿ ಮೀರಿದವರು ಸಾಮಾನ್ಯವಾಗಿ ಬಾಂಡ್ ವಿಚಾರಣೆ ಕೇಳಬಹುದು. ಕಾನೂನಿನಲ್ಲಿರುವ ಕನಿಷ್ಠ ಮೊತ್ತ 1,500 ಡಾಲರ್, ಕೊಡುವುದು ಅದಕ್ಕಿಂತ ಎಷ್ಟೋ ಜಾಸ್ತಿ. ತಪಾಸಣೆ ಇಲ್ಲದೆ ಗಡಿ ದಾಟಿದವರಿಗೆ ಬಾಂಡೇ ಇಲ್ಲ ಅಂತ ಸರ್ಕಾರ 2025ರ ಜುಲೈಯಿಂದ ಹೇಳುತ್ತಿದೆ. ಎಷ್ಟೋ ಫೆಡರಲ್ ಜಡ್ಜ್‌ಗಳು ಹೇಬಿಯಸ್ ಅರ್ಜಿಗಳಲ್ಲಿ ಅದನ್ನು ಒಪ್ಪಿಲ್ಲ. ಅಂತಿಮ ಆದೇಶ ಆದ ಮೇಲೂ 6 ತಿಂಗಳು ದಾಟಿ ಒಳಗೇ ಇಟ್ಟಿದ್ದರೆ, ಸದ್ಯಕ್ಕೆ ಕಳಿಸುವ ಲಕ್ಷಣ ಇಲ್ಲದಿದ್ದರೆ, 2001ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ಬಿಡುಗಡೆ ಕೇಳಬಹುದು.

ತೀರ್ಪು ಓದಿದ ಮೇಲೆ

ತೀರ್ಪು ವಿರುದ್ಧ ಬಂದರೆ ಅಪೀಲ್ ಹಕ್ಕು ಬಿಡುತ್ತೀರಾ, ಇಟ್ಟುಕೊಳ್ಳುತ್ತೀರಾ ಅಂತ ಜಡ್ಜ್ ಕೇಳುತ್ತಾರೆ. ಆ ಹೊತ್ತಿಗೆ ತಲೆ ಖಾಲಿಯಾಗಿರುತ್ತದೆ, "ಸಾಕು ಸಾರ್" ಅನ್ನುವ ಮಾತು ಬಾಯಿಗೆ ಬರುತ್ತದೆ. ಹಾಗೆ ಅಂದರೆ ಕೇಸ್ ಅಲ್ಲೇ ಮುಗಿಯಿತು. "ಐ ರಿಸರ್ವ್ ಅಪೀಲ್" ಅನ್ನಿ, ಅಪೀಲ್ ಹಕ್ಕು ಇಟ್ಟುಕೊಳ್ಳುತ್ತೇನೆ ಅಂತ ಅರ್ಥ. ಮಾಡುವುದೋ ಬಿಡುವುದೋ ಆಮೇಲೆ ಯೋಚಿಸಬಹುದು. ಅಪೀಲಿನ ಗಡುವು ಚಿಕ್ಕದು, ನಿಯಮಗಳೂ ಬದಲಾಗುತ್ತಿರುತ್ತವೆ, ಫೀಸ್ 2025ರಲ್ಲಿ ತುಂಬಾ ಏರಿದೆ. ಆದೇಶದ ಮೇಲೆ ಬರೆದ ಕೊನೆಯ ದಿನಾಂಕ ನೋಡಿ, ಕೋರ್ಟಿನ ಮೆಟ್ಟಿಲು ಇಳಿಯುವಾಗಲೇ ಲಾಯರ್‌ಗೆ ಫೋನ್ ಮಾಡಿ. ಅರ್ಜಿ ಅಪೀಲ್ ನೋಡುವ ಬೋರ್ಡಿನ ಆಫೀಸಿಗೆ ತಲುಪಿದ ದಿನವೇ ಲೆಕ್ಕಕ್ಕೆ ಬರುತ್ತದೆ. ನೀವು ಪೋಸ್ಟ್ ಮಾಡಿದ ದಿನವನ್ನು ಯಾರೂ ನೋಡುವುದಿಲ್ಲ.